ಮಾವನ ಚಪ್ಪಾಳೆ ಬೇಟೆ

ನಮ್ಮ ಸೋದರಮಾವ ಈ ಸೀಮೆಯ ಬಹುದೊಡ್ಡ ಜಿಂಕೆ ಬೇಟೆಗಾರರು. ನಲವತ್ತು ವರ್ಷಗಳ ಬೇಟೆಯಲ್ಲಿ ಅವರ ಕೈಯಿಂದ ಒಂದು ತಿಗಣೆಯೂ ಸತ್ತಿಲ್ಲ!

ನಗಬೇಡಿ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ, ಕೊರಳಲ್ಲಿ ಲಿಂಗ ಕಟ್ಟಿದ, ಹುಟ್ಟುಹಬ್ಬದ ಕೇಕನ್ನು ಮೊಟ್ಟೆಯ ಅನುಮಾನದಿಂದ ಮೂಸಿ ನೋಡಿ ಪಕ್ಕದವರ ತಟ್ಟೆಗೆ ದಾಟಿಸುವ ಮನುಷ್ಯ ಬೇಟೆಗಾರನಾಗುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮಾವ ನನ್ನ ಮೇಲೇ ತಿರುಗಿಬಿದ್ದರು.

"ಬೇಟಿ ಅಂದ್ರ ಕೊಲ್ಲೂದು ಅಂತ ಯಾರು ಹೇಳ್ಯಾರ ನಿನಗ? ಬಂದೂಕಿನವ ನೂರು ಮಾರು ದೂರದಾಗ ನಿಂತು ಹೊಡೀತಾನ. ಅದೇನು ದೊಡ್ಡಸ್ತಿಕಿ? ಹತ್ತು ಹೆಜ್ಜಿಗೆ ಬಂದು ತೋರಸ್ಲಿ ನೋಡೂಣು!"

ಅವರ ಬೇಟೆಯ ಕ್ರಮ ಇಷ್ಟೆ. ಮೊದಲು ನಾಲ್ಕೈದು ವಾರ ಗುಡ್ಡ ಸುತ್ತಿ ಹೆಜ್ಜೆ, ಹಿಕ್ಕೆ, ನೀರಿನ ಜಾಗ ಎಲ್ಲವನ್ನೂ ನೋಡಿಡುವುದು. ಆಮೇಲೆ ಒಂದು ದಿನ ಹೋಗಿ, ಪ್ರಾಣಿಗೆ ಸುಳಿವೇ ಸಿಗದಂತೆ ಹತ್ತು ಹೆಜ್ಜೆಯ ಅಂತರಕ್ಕೆ ಬಂದು, ಎದ್ದು ನಿಂತು, ಫಟ್ಟನೆ ಒಂದು ಚಪ್ಪಾಳೆ ಹೊಡೆಯುವುದು. ಚಪ್ಪಾಳೆ ಬಿದ್ದರೆ ಬೇಟೆ ಬಿದ್ದಂತೆ. ಜಿಂಕೆ ಓಡುತ್ತದೆ, ಮಾವ ನಗುತ್ತಾರೆ, ಇಬ್ಬರೂ ತಂತಮ್ಮ ಮನೆಗೆ ಹೋಗುತ್ತಾರೆ. ಚುಕ್ಕೆ ಜಿಂಕೆ, ಕೃಷ್ಣಮೃಗ ಎಲ್ಲ ಹೀಗೆ ಬಿದ್ದಿವೆಯಂತೆ.

ಬೇಟೆಗೆ ಗಾಳಿ ಮುಖ್ಯ. ನಮ್ಮ ವಾಸನೆ ಪ್ರಾಣಿಯ ಕಡೆ ಹೋಗಬಾರದು. ಗಾಳಿ ನೋಡಲು ಮಾವನ ಬಳಿ ಇರುವ ಉಪಕರಣ ವಿಭೂತಿ. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಉಗುರಿನಿಂದ ಕೆರೆದು, ಪುಡಿ ಯಾವ ಕಡೆ ಹಾರುತ್ತದೆ ಎಂದು ನೋಡುತ್ತಾರೆ. ಉಳಿದದ್ದನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಒಮ್ಮೆ ಬಂಡೆಯ ಮೇಲೆ ಕಣ್ಣು ಮುಚ್ಚಿ ಹೀಗೆ ಹಚ್ಚಿಕೊಳ್ಳುತ್ತಿದ್ದವರನ್ನು ಕುರಿಗಾಹಿಯೊಬ್ಬ ಕಂಡು, ಯಾರೋ ಸಾಧು ಎಂದುಕೊಂಡು, ಹಾಲು ಕೊಡದ ಆಡನ್ನು ತಂದು ಎದುರಿಗೆ ನಿಲ್ಲಿಸಿದ. ಮಾವ ಅದಕ್ಕೂ ಹಚ್ಚಿದರು. ಮಾರನೆಯ ವಾರದಿಂದ ಆ ಆಡು ಲೀಟರುಗಟ್ಟಲೆ ಕರೆಯತೊಡಗಿತು ಎಂದು ಮಾವ ಹೇಳುತ್ತಾರೆ. ಆಡಿನ ಕಡೆಯವರನ್ನು ನಾನು ವಿಚಾರಿಸಿಲ್ಲ.

ಮಾವ ಅರಣ್ಯ ಇಲಾಖೆಯ ಗಾರ್ಡಿನ ಕೈಗೆ ಸಿಕ್ಕ ಕಥೆ ಇನ್ನೂ ಚೆನ್ನ. "ಇಲ್ಲೇನು ಮಾಡಾಕತ್ತೀರಿ, ಯಜಮಾನ್ರ?" ಎಂದು ಅವನು ಕೇಳಿದ್ದಾನೆ. ವಾಕಿಂಗ್ ಅನ್ನಬಹುದಿತ್ತು. ಸುಳ್ಳು ಹೇಳಿದರೆ ಲಿಂಗಕ್ಕೆ ಅಪಚಾರವಲ್ಲವೇ? "ಬೇಟಿಗೆ ಬಂದೀನಪ್ಪ" ಎಂದುಬಿಟ್ಟರು! ಬಂದೂಕಿಗಾಗಿ ಚೀಲ ಜಾಲಾಡಿದರೆ ಸಿಕ್ಕಿದ್ದು ವಿಭೂತಿ, ಎರಡು ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಕೊನೆಗೆ ಅತ್ತೆಗೆ ಫೋನ್ ಹೋಯಿತು. "ಅವರ ಕೈಲೆ ಒಂದು ತಿಗಣಿ ಸಾಯಂಗಿಲ್ರಿ ಸಾಹೇಬ್ರ. ಹೊತ್ತು ಮುಣುಗೂದ್ರೊಳಗ ಬಸ್ಸಿಗೆ ಹತ್ತಿಸಿ ಬಿಡ್ರಿ, ಪುಣ್ಯ ಬರ್ತದ" ಎಂದು ಅತ್ತೆ ಅಂದರಂತೆ. ಹಾಗೆ ಅಂದದ್ದು ನನ್ನ ಕಿವಿಗೇ ಕೇಳಿಸಿದಂತೆ ನೆನಪು. ಆದರೆ ಆ ದಿನ ನಾನು ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ ಎಂದು ನನ್ನ ದಿನಚರಿ ಹೇಳುತ್ತದೆ. ಹಾಗಾದರೆ ಈ ನೆನಪು ಯಾರದು? ಇರಲಿ.

ಹೋದ ವರ್ಷದವರೆಗೆ ಇದೆಲ್ಲ ನಗುವ ಮಾತಾಗಿತ್ತು. ಆಮೇಲೆ ಮಾವನಿಗೆ ಕಣ್ಣು ಮಂದವಾಗತೊಡಗಿತು.

ಮೊದಲು ಮುಚ್ಚಿಟ್ಟರು. ಹೊಸಪೇಟೆಯ ಕಣ್ಣಿನ ಡಾಕ್ಟರ ಬಳಿ ನಾನೇ ಕರೆದೊಯ್ದಾಗ, ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಪಟಪಟನೆ ಓದಿದರು. ಡಾಕ್ಟರು ಬೆರಗಾದರು. ಅನುಮಾನ ಬಂದು ಬೋರ್ಡು ಬದಲಾಯಿಸಿದರು. ಮಾವ ಹೊಸ ಬೋರ್ಡಿನಲ್ಲೂ ಅದೇ ಅಕ್ಷರಗಳನ್ನು ಅಷ್ಟೇ ಧೈರ್ಯದಿಂದ ಓದಿದರು! ಹೊರಗೆ ಕುಳಿತು, ಒಳಗಿನವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಹೋದ ದೃಷ್ಟಿ ಬರುವುದಿಲ್ಲ, ಹನಿ ಹಾಕಿ ಇದ್ದದ್ದನ್ನು ಉಳಿಸಿಕೊಳ್ಳಬೇಕು, ಅಂಚಿನಿಂದ ಕತ್ತಲೆ ಒಳಗೆ ಬರುತ್ತಿದೆ, ಬೆಳಕು ಕಡಿಮೆಯಾದರೆ ಏನೂ ಕಾಣದು ಎಂದರು. ಬೇಟೆಯೆಲ್ಲ ಬೆಳಕು ಕಡಿಮೆಯಾಗುವ ಹೊತ್ತಿಗೇ ಅಲ್ಲವೇ? ಸಂಡೂರಿನ ಗುಡ್ಡಗಳಲ್ಲಿ ಕರಡಿಗಳಿವೆ, ಚಿರತೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಲಿಟ್ಟಲ್ಲೆಲ್ಲ ಉರುಳುವ ಕೆಂಪು ಕಲ್ಲುಗಳಿವೆ.

ಆದರೆ ಮಾವನದೊಂದು ಬೇಟೆ ಬಾಕಿ ಇತ್ತು. ಕೊಂಡುಕುರಿ. ಸಣ್ಣ ಜಿಂಕೆಯಂಥ ಪ್ರಾಣಿ. ಗಂಡಿಗೆ ಎರಡಲ್ಲ, ನಾಲ್ಕು ಕೋಡು. ನಲವತ್ತು ವರ್ಷದಲ್ಲಿ ಮಾವನಿಗೆ ಅದು ತೋರಿಸಿದ್ದು ಬಾಲ ಮಾತ್ರ. ಅತ್ತೆ ಊಟ ಬಿಟ್ಟು ಕುಳಿತಾಗ ಒಂದು ಕರಾರು ಆಯಿತು. ಕೊಂಡುಕುರಿಯ ನಾಲ್ಕು ಕೋಡನ್ನು ಹತ್ತು ಹೆಜ್ಜೆಯಿಂದ ಕಂಡ ದಿನ ಬೇಟೆ ಬಂದ್. ಆಮೇಲೆ ಗುಡ್ಡದ ಕಡೆ ತಲೆ ಇಟ್ಟೂ ಮಲಗುವುದಿಲ್ಲ. ಅಲ್ಲಿಯವರೆಗೆ ಯಾರೂ ತಡೆಯುವಂತಿಲ್ಲ.

"ಯವ್ವಾ, ಅವರ ಜೋಡಿ ನೀ ಹೋಗು" ಎಂದು ಅತ್ತೆ ನನ್ನ ಕೈ ಹಿಡಿದರು. "ಆ ಕುರಿ ಸಿಗ್ಲಿ ಬಿಡ್ಲಿ, ನನ್ನ ಮನಿಷಾನ್ನ ಹೋದಂಗ ತಂದು ಒಪ್ಪಿಸು."

ನಾನು! ಬಾತ್‌ರೂಮಿನ ಹಲ್ಲಿಗೆ ಹೆದರಿ ಪಕ್ಕದ ಮನೆಯಲ್ಲಿ ಸ್ನಾನ ಮಾಡಿ ಬಂದವಳು!

ಸಿದ್ಧತೆ ಶುರುವಾಯಿತು. ಮೂರು ದಿನ ಸೋಪು, ಪೌಡರು, ತಲೆಗೆ ಎಣ್ಣೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹಾಕಿಕೊಂಡು ಹೋಗುವ ಬಟ್ಟೆಯನ್ನು ಆಡಿನ ಹಟ್ಟಿಯಲ್ಲಿ ಎರಡು ದಿನ ನೇತುಹಾಕಬೇಕು. ಮೂರನೆಯ ದಿನ ನಾನು ಕ್ಲಾಸಿಗೆ ಹೋದಾಗ, ಎಂದೂ ಹಿಂದಿನ ಬೆಂಚಿಗೆ ಹೋಗದ ಜಾಣ ಹುಡುಗಿಯರು ಕೂಡ ಅಂದು ಹಿಂದಿನ ಬೆಂಚಿನಲ್ಲಿದ್ದರು. ವಿಜಯನಗರದ ಪತನವನ್ನು ನಾನು ಬಾಗಿಲ ಬಳಿ ನಿಂತೇ ಮುಗಿಸಿದೆ.

ಗುಡ್ಡದಲ್ಲಿ ಮಾತಿಲ್ಲ. ಹೇಳಬೇಕಾದದ್ದನ್ನು ಅಂಗೈಯಲ್ಲಿ ಒತ್ತಿ ಹೇಳಬೇಕು. ಒಂದು ಬೆರಳು ಒತ್ತಿದರೆ ಕೋಡಿಲ್ಲದ ಹೆಣ್ಣು. ಎರಡು ಬೆರಳು ಒತ್ತಿದರೆ ಬೇರೆ ಯಾವುದೋ ಜಿಂಕೆ. ನಾಲ್ಕು ಬೆರಳು ಒತ್ತಿದರೆ... ಇಲ್ಲಿಗೆ ಬಂದಾಗ ಮಾವ ವಿಭೂತಿಯ ಚೀಲವನ್ನು ಕಣ್ಣಿಗೆ ಒತ್ತಿಕೊಂಡರು.

"ಕರಡಿ ಬಂದ್ರ ಎಷ್ಟು ಬೆರಳು, ಮಾವ?"

"ಅಪಶಕುನ ನುಡೀಬ್ಯಾಡ."

ಸೀತಾಫಲ ಹಣ್ಣಾಗುವ ಕಾಲ. ಮಧ್ಯಾಹ್ನ ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಧೂಳು ಕುಡಿಯುತ್ತ ಹೋಗಿ, ಕಾರು ನಿಲ್ಲಿಸಿ, ಕುರಿಗಾಹಿಗಳ ಕಾಲುದಾರಿಯಲ್ಲಿ ಹತ್ತಿದೆವು. ಮಾವ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು. ದಾರಿ ತೋರಿಸಲು ಎಂದು ಅವರು ತಿಳಿದಿದ್ದರು. ಅವರ ಕಾಲಿಗೆ ಕಲ್ಲು ಕಾಣುತ್ತಿಲ್ಲ ಎಂದು ನನಗೆ ತಿಳಿಯುತ್ತಿತ್ತು. ಇವರು ಇಲ್ಲಿ ಬಿದ್ದರೆ? ನಾನೊಬ್ಬಳೇ ಹೇಗೆ ಹೊರಲಿ? ಅತ್ತೆಗೆ ಏನೆಂದು ಫೋನ್ ಮಾಡಲಿ? ಫೋನ್ ಕಾರಿನಲ್ಲಿದೆ, ಅದು ಬೇಟೆಗೆ ಬರುವಂತಿಲ್ಲ!

ನೀರಿನ ಹೊಂಡದ ಮೇಲೊಂದು ಬಂಡೆ. ಪಕ್ಕದಲ್ಲಿ ಒಂದೇ ಕಡೆ ರಾಶಿ ಬಿದ್ದ ಹಿಕ್ಕೆ. ಕೊಂಡುಕುರಿ ದಿನಾ ಒಂದೇ ಜಾಗಕ್ಕೆ ಹೋಗುವ ಶಿಸ್ತಿನ ಪ್ರಾಣಿಯಂತೆ. ಮಾವ ಒಂದು ಹಿಕ್ಕೆ ಎತ್ತಿ ಒಡೆದು, ಮೂಸಿ, "ಇವತ್ತಿಂದು" ಎಂದು ಪಿಸುಗುಟ್ಟಿದರು. ಅವರ ಮುಖ ನೋಡಬೇಕಿತ್ತು. ಹೊಸ ಅಕ್ಕಿಯ ಮೊದಲ ಹಿಡಿಯನ್ನು ಮೂಸುವಾಗಲೂ ಅಷ್ಟು ಅರಳಿರಲಿಲ್ಲ.

ಬಂಡೆಯ ಹಿಂದೆ ಕುಳಿತೆವು. ಬಿಸಿಲು ಕಂದಿತು. ಒಣ ಎಲೆಯ ಮೇಲೆ ಹಲ್ಲಿ ಓಡಿದರೂ ನಾನು ಬೆವರುತ್ತಿದ್ದೆ. ಸುಮಾರು ಐದೂವರೆಗೆ ಎಡಗಡೆಯ ಪೊದೆ ಅಲುಗಿತು. ಮಾವ ನನ್ನ ಮೊಣಕೈ ಹಿಡಿದರು. ಪೊದೆಯಿಂದ ಹೊರಬಂದದ್ದು ಕಪ್ಪಗಿತ್ತು. ಬಹಳ ದೊಡ್ಡದಿತ್ತು. ಎದೆಯ ಮೇಲೆ ಬಿಳಿಯ ಪಟ್ಟೆ ಇತ್ತು.

ಕರಡಿ!

ಹದಿನೈದು ಹೆಜ್ಜೆ ದೂರ ಎಂದು ಅಂದಿನ ದಿನಚರಿಯಲ್ಲಿದೆ. ಮರುದಿನ ಅದನ್ನು ಹೊಡೆದು ಹತ್ತು ಎಂದು ಬರೆದಿದ್ದೇನೆ. ಒಂದೇ ದಿನದಲ್ಲಿ ಕರಡಿ ಅಷ್ಟು ಹತ್ತಿರ ಬಂದಿತೇ? ನಿಜ ಎಷ್ಟೋ ನನಗೆ ಗೊತ್ತಿಲ್ಲ. ಅದರ ಉಗುರುಗಳನ್ನು ಎಣಿಸುವಷ್ಟು ಹತ್ತಿರವಿತ್ತು ಎಂಬುದು ಗೊತ್ತು. ಅದು ಎದುರಿಗಿದ್ದ ಹುತ್ತವನ್ನು ಎರಡೇ ಏಟಿಗೆ ಕೆಡವಿ, ಮೂತಿ ತೂರಿಸಿ, ಸೊರ್ ಎಂದು ಗೆದ್ದಲು ಹೀರತೊಡಗಿತು. ಕೊಳವೆಬಾವಿಯಲ್ಲಿ ನೀರು ಮುಗಿದು ಪಂಪು ಗಾಳಿ ಎಳೆಯುವ ಸದ್ದು.

ನಾನು ಮಾವನ ಕಡೆ ನೋಡಿದೆ. ಅವರ ಕಣ್ಣುಗಳು ಅದೇ ದಿಕ್ಕಿನಲ್ಲಿ ನೆಟ್ಟಿದ್ದವು. ಆದರೆ ಏನನ್ನೂ ಹಿಡಿಯದೆ, ನೋಟ ಕರಡಿಯನ್ನು ದಾಟಿ ಎಲ್ಲೋ ಹೋಗುತ್ತಿತ್ತು. ಮುಖದಲ್ಲಿ ಸಣ್ಣ ಮಗುವಿನ ನಗು. ಅವರು ನಿಧಾನವಾಗಿ ತಮ್ಮ ಅಂಗೈಯನ್ನು ನನ್ನ ಮುಂದೆ ಹಿಡಿದರು. ಎಷ್ಟು?

ಕರಡಿ ಎಂದು ಹೇಳುವುದು ಹೇಗೆ? ಬಾಯಿ ತೆಗೆದರೆ ಅದು ಕೇಳಿಸಿಕೊಳ್ಳುತ್ತದೆ. ಹೇಳಿದರೆ ಇವರು ಗಾಬರಿಯಿಂದ ಎದ್ದು, ಕಲ್ಲು ಕಾಣದೆ ಬೀಳುತ್ತಾರೆ. ಇನ್ನೊಂದು ಯೋಚನೆಯೂ ಬಂತು. ಅದು ಆಗಲೇ ಬಂತೋ, ಆಮೇಲೆ ನನ್ನನ್ನು ನಾನು ಒಪ್ಪಿಸಲು ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ನಾಲ್ಕು ಎಂದರೆ ಕರಾರು ಮುಗಿಯುತ್ತದೆ. ಇವರು ಇನ್ನೆಂದೂ ಇಲ್ಲಿಗೆ ಬರುವುದಿಲ್ಲ. ಅತ್ತೆ ನಿದ್ದೆ ಮಾಡುತ್ತಾರೆ.

ನಾಲ್ಕೂ ಬೆರಳನ್ನು ಅವರ ಅಂಗೈಗೆ ಒತ್ತಿದೆ.

ಮಾವ ಕಣ್ಣು ಮುಚ್ಚಿದರು. ತೆರೆದರು. ಆಮೇಲೆ, ಅಯ್ಯೋ ಶಿವನೇ, ಅದು ನನಗೆ ಹೊಳೆದೇ ಇರಲಿಲ್ಲ! ಅವರು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. ಚಪ್ಪಾಳೆ!

ನಾನು ಹಾರಿ ಆ ಎರಡು ಕೈಗಳನ್ನು ನನ್ನ ಎರಡು ಕೈಗಳಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಂಡೆ. ಒಂದು ಕಲ್ಲು ಜಾರಿ ಟಪ್ ಎಂದಿತು. ಸೊರ್ ಸದ್ದು ನಿಂತಿತು. ಕರಡಿ ಹಿಂಗಾಲ ಮೇಲೆ ಎದ್ದು ಮೂತಿಯನ್ನು ನಮ್ಮ ಕಡೆ ತಿರುಗಿಸಿತು. ಗಾಳಿ ನೋಡಲು ಕೆರೆದು ಮಾವನ ತೊಡೆಯ ಮೇಲೆ ಬಿದ್ದಿದ್ದ ವಿಭೂತಿಯ ಪುಡಿ ಅಲುಗುತ್ತಿತ್ತು. ಮೊದಲು ನಮ್ಮ ಕಡೆ. ಆಮೇಲೆ ಒಂದು ಗಳಿಗೆ ಎಲ್ಲಿಗೂ ಇಲ್ಲ. ಆಮೇಲೆ ಮತ್ತೆ ನಮ್ಮ ಕಡೆ. ಸೋಪಿಲ್ಲದ ಆ ಮೂರು ದಿನಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಕರಡಿ ಕುಳಿತಿತು. ಇನ್ನೆರಡು ಸಲ ಹೀರಿತು. ರುಚಿ ಕೆಟ್ಟಂತೆ ತಲೆ ಕೊಡವಿ, ಸೀತಾಫಲದ ಗಿಡಗಳ ನಡುವೆ ಇಳಿದು ಹೋಯಿತು.

ಗುಡ್ಡ ಇಳಿಯುವಾಗ ನಾನು ಮಾವನ ಕೈ ಬಿಡಲಿಲ್ಲ. ಹೊಸಪೇಟೆ ದಾಟಿ ಕಡ್ಡಿರಾಂಪುರದಲ್ಲಿ ಚಹಾ, ಮಿರ್ಚಿ ಬಜ್ಜಿಗೆ ಕಾರು ನಿಲ್ಲಿಸಿದೆ. ಮಾವ ಮಿರ್ಚಿಯ ತುದಿ ಮುರಿದು, ಊದಿ, ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಂದರು:

"ಕೊಂಡುಕುರಿ ಗೆದ್ದಲ ತಿನ್ನಂಗಿಲ್ಲ ಬೇ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಕಣ್ಣು ಹೋದ್ರ ಕಿವಿನೂ ಹೋಗ್ಯಾವಂತ ತಿಳ್ದಿಯೇನು? ಅದರ ಗಬ್ಬು ವಾಸನಿ ಮೂಗಿಗೆ ಹೊಡೀತಿತ್ತು."

"ಮತ್ತ ಚಪ್ಪಾಳಿ ಹೊಡಿಯಾಕ ಹೋದ್ರಲ್ಲ, ಮಾವ?"

"ನೀ ನಾಕು ಬೆರಳು ಒತ್ತಿದಿ. ಆ ಪರಿ ನಡುಗಾಕತ್ತಿದ್ದಿ. ನಾ ನಂಬಿಲ್ಲಂದ್ರ ನಿನಗ ಇನ್ನಷ್ಟು ಹೆದರಿಕಿ ಆಗ್ತಿತ್ತು. ನಂಬಿದಂಗ ಮಾಡಿದೆ. ನೀ ಕೈ ಹಿಡೀತಿ ಅಂತ ಗೊತ್ತಿತ್ತು ನನಗ." ಚಹಾ ಒಂದು ಗುಟುಕು ಕುಡಿದು, "ಹಿಡಿದಿಲ್ಲಂದ್ರ ಹೊಡೀತಿದ್ದಿಲ್ಲ ಬಿಡು. ಹುಚ್ಚೇನು ನನಗ?" ಎಂದರು.

ನಾನು ನಗಲು ನೋಡಿದೆ. ಮಾವ ನಗಲಿಲ್ಲ.

"ಅಷ್ಟು ದೊಡ್ಡ ಪ್ರಾಣಿ" ಎಂದರು. "ಇಲ್ಲೇ ಐತಿ ಅಂತ ಗೊತ್ತೈತಿ. ಭಾಳ ಹೊತ್ತು ನೋಡಿದೆ. ಕಾಣ್ಲೇ ಇಲ್ಲ ನನಗ."

ಕಂಪ್ಲಿಯಲ್ಲಿ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದ ಮೇಲೆ, "ಸಿಕ್ತೇನ್ರಿ?" ಎಂದು ಕೇಳಿದರು.

ಲಿಂಗ ಕಟ್ಟಿಕೊಂಡ ನಮ್ಮ ಮಾವ, ಗಾರ್ಡಿಗೂ ಸುಳ್ಳು ಹೇಳದ ಮಾವ, ಚಪ್ಪಲಿ ಬಿಡುತ್ತ ಹೇಳಿದರು. "ಸಿಕ್ತು. ಹತ್ತು ಹೆಜ್ಜಿ. ನಾಕು ಕೋಡು. ಬೇಕಾದ್ರ ಇಕಿನ್ನ ಕೇಳು. ಬೇಟಿ ಮುಗೀತು ಇನ್ನ."

ಅತ್ತೆ ನನ್ನನ್ನು ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಅವರು ನಂಬಿದರೋ ಇಲ್ಲವೋ ನನಗೆ ಈವರೆಗೆ ತಿಳಿದಿಲ್ಲ. ಅವರು ಎದ್ದು, ಮಾವನ ಕೈ ಹಿಡಿದು ಒಳಗೆ ಕರೆದೊಯ್ದು, ಕೂರಿಸಿ, ಬಿಸಿ ರೊಟ್ಟಿ ಹಾಕಿ, ಎದುರಿಗೆ ಕುಳಿತು, "ನಾಕು ಕೋಡು ಅಂದ್ರ ಹೆಂಗಿರ್ತಾವು? ಬಿಡಿಸಿ ಹೇಳ್ರಿ" ಎಂದರು.

ಮಾವ ಹೇಳತೊಡಗಿದರು. ಹಿಂದಿನವು ಉದ್ದ, ಮುಂದಿನವು ಬೆರಳ ಗಿಣ್ಣಿನಷ್ಟು ಮೋಟು. ಮೈ ಬೆಲ್ಲದ ಬಣ್ಣ. ನೀರು ಕುಡಿಯಲು ಬಗ್ಗುವ ಮೊದಲು ಒಂದು ಮುಂಗಾಲನ್ನು ಎತ್ತಿ ಹಿಡಿದು ನಿಲ್ಲುತ್ತದೆ. ಕಿವಿಯ ಒಳಗೆ ಬಿಳಿಯ ಕೂದಲು, ಅದರ ಮೇಲೆ ಸಂಜೆಯ ಬಿಸಿಲು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕರಡಿಯ ಮುಂದೆ ಬಾರದಿದ್ದ ಹೊಸ ಹೆದರಿಕೆಯೊಂದು ಆಗ ಎದ್ದಿತ್ತು. ಎಲ್ಲಿ ಇವರ ದನಿ ಒಡೆಯುತ್ತದೋ ಎಂದು. ಒಡೆಯಲಿಲ್ಲ. ರೊಟ್ಟಿ ಆರಿತು. ಮಾವ ಹೇಳುತ್ತಲೇ ಇದ್ದರು. ಅವರು ಒಂದೊಂದು ಸಲ ಉಸಿರು ತೆಗೆದುಕೊಳ್ಳಲು ನಿಂತಾಗಲೂ ಅತ್ತೆ, "ಆಮ್ಯಾಲ?" ಎನ್ನುತ್ತಿದ್ದರು.