ಸಕ್ಕರೆ ಬಳಗದ ಸ್ವಾಗತಕಾರ

ನಿವೃತ್ತನಾದವನು ರೋಗ ಬಂದರೆ ಹೇಗೋ ತಡೆದುಕೊಳ್ಳುತ್ತಾನೆ, ಹುದ್ದೆ ಇಲ್ಲದೆ ಇರುವುದನ್ನು ಮಾತ್ರ ತಡೆದುಕೊಳ್ಳಲಾರ. ನನಗೆ ಎರಡೂ ಒಂದೇ ವರ್ಷ ಒದಗಿದವು. ಬೀದರಿನ ಒಂದು ಕಚೇರಿಯಲ್ಲಿ ನಾನು ಬಹಳ ವರ್ಷ ಆವಕ ಗುಮಾಸ್ತನಾಗಿದ್ದೆ. ಅಂದರೆ, ಬಂದ ಕಾಗದಕ್ಕೆ ನಂಬರು ಹಾಕಿ, ‘ಸ್ವೀಕರಿಸಲಾಗಿದೆ’ ಎಂಬ ಠಸ್ಸೆ ಒತ್ತಿ, ಮುಂದಿನ ಟೇಬಲ್ಲಿಗೆ ದಾಟಿಸುವವನು. ಅದನ್ನು ಓದುವುದು ಮುಂದಿನ ಟೇಬಲ್ಲಿನವರ ಕೆಲಸ. ಓದುತ್ತ ಕೂತರೆ ಠಸ್ಸೆ ಒತ್ತುವುದು ಯಾವಾಗ ಹೇಳಿ? ಬೀಳ್ಕೊಡುಗೆಯ ದಿನ ಸಾಹೇಬರು, ‘ಇವರ ಟೇಬಲ್ ಮ್ಯಾಲ ಒಂದು ಕಾಗದನೂ ಉಳ್ದಿದ್ದು ನಾ ನೋಡಿಲ್ಲ’ ಎಂದು ಹೊಗಳಿದರು. ಶಾಲು ಹೊದ್ದು ಮನೆಗೆ ಬಂದ ಎರಡನೆಯ ತಿಂಗಳಿಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಖರೆ ಹೇಳಬೇಕೆಂದರೆ ಕಾಯಿಲೆಗಿಂತ ಆ ಖಾಲಿ ಟೇಬಲ್ಲೇ ನನ್ನನ್ನು ಹೆಚ್ಚು ಕಾಡಿತು.

ಆಗ ಕೈ ಹಿಡಿದವರು ಔಷಧಿ ಅಂಗಡಿಯ ಕಾಶಿನಾಥರು. ತಮ್ಮ ಗಿರಾಕಿಗಳನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ‘ಸಕ್ಕರೆ ಬಳಗ’ ಎಂಬ ಗುಂಪು ಮಾಡಿದ್ದರು. ಮೊದಲು ಹತ್ತಿಪ್ಪತ್ತು ಜನ ಇದ್ದರು. ಆ ವರ್ಷ ಮಳೆ ಕೈಕೊಟ್ಟಿತು, ಅದರ ಮುಂದಿನ ವರ್ಷವೂ ಕೈಕೊಟ್ಟಿತು. ಔರಾದ, ಭಾಲ್ಕಿ ಕಡೆಯ ಜನ ಮನೆಗೆ ಕೀಲಿ ಹಾಕಿ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೊರಟರು. ಹೋಗುವಾಗ ಕಾಶಿನಾಥರ ಅಂಗಡಿಯಲ್ಲಿ ಎರಡು ತಿಂಗಳ ಗುಳಿಗೆ ಕಟ್ಟಿಸಿಕೊಳ್ಳುತ್ತಿದ್ದರು. ಕಾಶಿನಾಥರು, ‘ಅಲ್ಲಿ ಯಾರ್ನ ಕೇಳ್ತೀರಿ? ಬರ್ರಿ, ಗುಂಪಿಗೆ ಸೇರ್ರಿ’ ಎಂದು ನಂಬರು ಬರೆದುಕೊಳ್ಳುತ್ತಿದ್ದರು. ಹೀಗೆ ಊರು ಖಾಲಿಯಾದಷ್ಟೂ ಗುಂಪು ತುಂಬಿತು. ಬೆಳಗಾದರೆ ಸಾಕು, ಒಬ್ಬೊಬ್ಬರೂ ಖಾಲಿ ಹೊಟ್ಟೆಯ ಸಕ್ಕರೆ ಎಷ್ಟೆಂದು ಬರೆಯುತ್ತಿದ್ದರು. ಕಮಲನಗರದವರೊಬ್ಬರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಪಥ್ಯ ಹೇಳುತ್ತಿದ್ದರು. ಹೈದರಾಬಾದಿನಲ್ಲಿ ಕಾವಲು ಕಾಯುತ್ತಿದ್ದ ಮೆಹಕರದವರೊಬ್ಬರು ದಿನವೂ ಕೇಳುತ್ತಿದ್ದುದು ಒಂದೇ, ‘ಊರಾಗ ಮಳಿ ಬಂತೇನ್ರಿ?’ ನಮ್ಮ ಊರಿನ ಕಟ್ಟೆಗಳೆಲ್ಲ ಬಿಕೋ ಎನ್ನುತ್ತಿದ್ದಾಗ ಈ ಒಂದು ಕಟ್ಟೆ ಮಾತ್ರ ಗದ್ದಲದಿಂದ ತುಂಬಿತ್ತು.

ಹೊಸಬರನ್ನು ಸ್ವಾಗತಿಸುವ ಕೆಲಸವನ್ನು ಕಾಶಿನಾಥರು ನನಗೆ ಒಪ್ಪಿಸಿದರು. ‘ಅನುಭವ ಅದ ನಿಮಗ’ ಎಂದರು. ಅಷ್ಟು ಸಾಕಾಯಿತು, ನಾನು ಎದೆ ಉಬ್ಬಿಸಿಕೊಂಡು ಕೂತೆ. ನಮ್ಮ ಕಡೆ ಎದುರಾದವರಿಗೆ ಹೇಗೆ ಕೈ ಮುಗಿಯಬೇಕೆಂಬುದೇ ಒಂದು ಶಾಸ್ತ್ರ. ಒಬ್ಬರಿಗೆ ಶರಣು ಶರಣಾರ್ಥಿ ಅನ್ನಬೇಕು, ಒಬ್ಬರಿಗೆ ಜೈಭೀಮ ಅನ್ನಬೇಕು, ಒಬ್ಬರಿಗೆ ಸಲಾಂ, ಒಬ್ಬರಿಗೆ ರಾಮ ರಾಮ. ಬರೀ ಫೋನ್ ನಂಬರು ನೋಡಿ ಮನುಷ್ಯ ಯಾರೆಂದು ತಿಳಿಯುವುದು ಹೇಗೆ? ಯಾರಿಗೂ ಬೇಜಾರಾಗಬಾರದೆಂದು ನಾನು ನಾಲ್ಕನ್ನೂ ಬರೆಯುತ್ತಿದ್ದೆ. ಕೆಳಗೊಂದು ಗುಲಾಬಿ, ಅದರ ಕೆಳಗೆ ಉರಿಯುವ ದೀಪ. ನಾನು ಬರೆದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಸ್ವಾಗತಿಸದೆ ಬಿಟ್ಟರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮುಖ ಹೇಗೆ ತೋರಿಸುವುದು ಎಂದು ಎಲ್ಲರೂ ಹೂವಿನ ಮೇಲೆ ಹೂವು ಸುರಿಯುತ್ತಿದ್ದರು. ಹೊಸಬರು ಅದರಡಿ ಉಸಿರಾಡುತ್ತಿದ್ದಾರೋ ಇಲ್ಲವೋ ನೋಡಿದವರಿಲ್ಲ.

ಒಂದು ದಿನ ಇನ್ನೂ ಮುಂದೆ ಹೋದೆ. ನಾನು ಬೆಳೆದದ್ದು ಭಾಲ್ಕಿಯಲ್ಲಿ, ಸ್ಟೇಷನ್ ರಸ್ತೆಯ ಬಾಡಿಗೆ ಮನೆಯಲ್ಲಿ. ಅಪ್ಪ ಶಾಲೆಯ ಮಾಸ್ತರರು. ನಾನು ಸಣ್ಣವನಿದ್ದಾಗಲೂ ಒಂದು ಬರ ಬಿದ್ದಿತ್ತು. ಗಂಟುಮೂಟೆ ಹೊತ್ತು ರೈಲು ಹಿಡಿಯಲು ಬಂದವರು ನಮ್ಮ ಪಡಸಾಲೆಯಲ್ಲೇ ಕೂರುತ್ತಿದ್ದರು. ಅವ್ವ ಒಬ್ಬೊಬ್ಬರಿಗೂ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಿದ್ದಳು. ಆ ನೆನಪು ಉಕ್ಕಿ ಬಂದು ತಟ್ಟೆ ತುಂಬ ಬೆಲ್ಲ, ಪಕ್ಕದಲ್ಲಿ ತಂಬಿಗೆ ಇರುವ ಚಿತ್ರವೊಂದನ್ನು ಹುಡುಕಿ ಗುಂಪಿಗೆ ಹಾಕಿ, ‘ಹೊಸ ಬಂಧುಗಳಿಗೆ ಬೆಲ್ಲ ನೀರು’ ಎಂದು ಬರೆದೆ. ಕಾಶಿನಾಥರ ಫೋನು ತಕ್ಷಣ ಬಂತು. ‘ಏನ್ರೀ ನೀವು! ಸಕ್ರಿ ರೋಗದವ್ರ ಬಾಗಿಲಾಗ ಬೆಲ್ಲ ಇಡ್ತೀರೇನ್ರಿ? ಮೂರ್ ಮಂದಿ ಆಗ್ಲೇ ಕೇಳ್ಯಾರ, ಬೆಲ್ಲ ನಡೀತದೇನಂತ!’ ನಾನು ಚಿತ್ರ ಅಳಿಸಿದೆ. ಗುಲಾಬಿಗಳ ಸಂಖ್ಯೆ ಹೆಚ್ಚಿಸಿದೆ.

ಇಷ್ಟರಲ್ಲಿ ಕಮಳಾಬಾಯಿ ಬಂದರು. ಔರಾದ ತಾಲೂಕಿನ ಸಂತಪುರದವರು, ಪುಣೆಯ ಹತ್ತಿರ ಕಟ್ಟಡ ಕೆಲಸದವರಿಗೆ ಅಡುಗೆ ಮಾಡಲು ಹೋದವರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಕಂಡದ್ದು ಒಂದು ಹೊಸ ನಂಬರು ಮತ್ತು ಅದರಿಂದ ಬಂದ ಒಂದು ಧ್ವನಿ ಸಂದೇಶ. ಧ್ವನಿ ಸಂದೇಶ ಕೇಳುವ ಅಭ್ಯಾಸ ನನಗಿರಲಿಲ್ಲ. ಕಾಗದ ಮಾತಾಡಿದ್ದನ್ನು ನನ್ನ ಇಡೀ ಸರ್ವಿಸಿನಲ್ಲಿ ಕಂಡವನಲ್ಲ. ಬಂದದ್ದು ಮುಟ್ಟಿದೆ ಎಂದು ತಿಳಿಯಲಿ ಅಂತ ಅದರ ಕೆಳಗೆ ಎತ್ತಿದ ಹೆಬ್ಬೆಟ್ಟಿನ ಚಿತ್ರ ಒತ್ತಿ, ನಾಲ್ಕು ನಮಸ್ಕಾರ ಬರೆದು, ಗುಲಾಬಿ ಹಾಕಿದೆ. ಹಿಂದಿನಿಂದ ಹೂವಿನ ರಾಶಿ ಬಂತು. ಮಾರನೆಯ ದಿನ ನೋಡುತ್ತೇನೆ, ಆ ನಂಬರಿನವರು ಗುಂಪು ಬಿಟ್ಟು ಹೋಗಿದ್ದಾರೆ.

ನನಗೆ ಸಿಟ್ಟು ಬಂತು. ಇಷ್ಟು ಮರ್ಯಾದೆ ಮಾಡಿದರೆ ಒಂದು ಮಾತು ಹೇಳದೆ ಹೋಗುವುದೇ? ಹೆಂಡತಿ ಶಕುಂತಲೆಯ ಮುಂದೆ ಹೇಳಿಕೊಂಡೆ. ಅವಳು ಹೆಸರುಬೇಳೆ ಆರಿಸುತ್ತಿದ್ದಳು. ತಲೆ ಎತ್ತದೆ, ‘ಅವ್ರೇನ್ ಕೇಳಿದ್ರು?’ ಎಂದಳು. ‘ನನಗೇನ್ ಗೊತ್ತು?’ ಎಂದೆ. ಅವಳು ಕೈ ಒರೆಸಿಕೊಂಡು, ಫೋನು ಕಸಿದು, ಧ್ವನಿಯ ಗುರುತು ಒತ್ತಿದಳು. ಸಣ್ಣ ದನಿಯೊಂದು ನಮ್ಮ ಅಡುಗೆಮನೆಯಲ್ಲಿ ಮಾತಾಡಿತು. ‘ಅಣ್ಣಾ, ನಾ ಸಂತಪುರದಾಕಿ ಕಮಳಾಬಾಯಿ ಮಾತಾಡ್ತೀನ್ರಿ. ಅಂಗಾಲಿಗಿ ಬೊಕ್ಕಿ ಎದ್ದು ಒಡ್ದದ. ನಾಕ್ ದಿನ ಆಯ್ತು. ಕರ್ರಗ ಆಗ್ಲಿಕತ್ತದ. ಖರೆ, ನೋವು ಏನೂ ಇಲ್ರಿ. ನೋವಿಲ್ಲಂದ್ರ ಹಂಗೇ ಬಿಟ್ರ ನಡೀತದಲ್ರಿ?’

ಕೆಳಗೆ ನನ್ನ ಹೆಬ್ಬೆಟ್ಟು ನೆಟ್ಟಗೆ ನಿಂತಿತ್ತು.

ಶಕುಂತಲೆ ನನ್ನ ಮುಖ ನೋಡಿದಳು. ಸಕ್ಕರೆ ಇದ್ದವರಿಗೆ ಕಾಲಿನ ನೋವು ತಿಳಿಯುವುದಿಲ್ಲ, ಅದೇ ಅಪಾಯ ಎಂದು ಡಾಕ್ಟರು ನನಗೇ ಎಷ್ಟು ಸಲ ಹೇಳಿದ್ದರು! ನಂಬರು ಒತ್ತಿದೆ. ಕಮಳಾಬಾಯಿ ಎತ್ತಿದರು. ಯಾರೆಂದು ಹೇಳುತ್ತಲೇ ಖುಷಿಯಾದರು. ‘ನೀವೇನ್ರಿ ಅಣ್ಣಾ! ನೀವು ಹೆಬ್ಬೆಟ್ಟು ಎತ್ತಿ ತೋರ್ಸಿದ್ರಿ, ನನಗ ಬೇಫಿಕರ್ ಆಯ್ತು. ಮತ್ಯಾಕ ಎಲ್ಲಾರಿಗೂ ತ್ರಾಸಂತ ಹೊರಗ ಬಂದೆ.’ ನಾನು ಗಾಬರಿಯಲ್ಲಿ ಕಿರುಚಿದೆ, ‘ನಡೀತದ ಅಂದಿಲ್ಲವ್ವಾ ನಾನು! ಈಗಿಂದೀಗ ದವಾಖಾನಿಗಿ ಹೋಗು!’ ಆಕೆ, ‘ಇವತ್ತ ನಲ್ವತ್ತ್ ಮಂದಿ ರೊಟ್ಟಿ ಅದಾವಲ್ರಿ, ಐತಾರ ಹೋಗ್ತೇನಿ’ ಎಂದರು. ನಾನು ಇನ್ನೂ ಜೋರಾಗಿ ಕೂಗಿದೆ. ಶಕುಂತಲೆ ಫೋನು ಕಿತ್ತುಕೊಂಡು ನೆಲದ ಮೇಲೆ ಕೂತಳು.

‘ಅಕ್ಕಾ, ನೀರ್ ಕುಡ್ದ್ರೇನು? ಕುಡ್ದು ಬರ್ರಿ, ನಾ ಇಲ್ಲೇ ಇರ್ತೇನಿ,’ ಎಂದಳು. ಆಮೇಲೆ ಬಹಳ ಹೊತ್ತು ಬರೀ ‘ಹಾಂ’, ‘ಹೌದಲ್ರಿ’ ಎನ್ನುತ್ತ ಕೇಳಿದಳು. ಆಗ ನನಗೆ ಭಾಲ್ಕಿಯ ಪಡಸಾಲೆ ಪೂರ್ತಿ ನೆನಪಾಯಿತು. ಅವ್ವ ಬೆಲ್ಲ ಕೊಟ್ಟು ಒಳಗೆ ಹೋಗುತ್ತಿರಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ನೀರು ಕುಡಿದವರು ಮಾತು ಮುಗಿಸುವತನಕ ಏಳುತ್ತಿರಲಿಲ್ಲ. ಒಲೆಯ ಮೇಲಿನ ಬೇಳೆ ಸೀದ ವಾಸನೆ ಎಷ್ಟೋ ದಿನ ಬೀದಿಯವರೆಗೆ ಬರುತ್ತಿತ್ತು, ಅಪ್ಪ ಬೈಯುತ್ತಿದ್ದರು. ನಾನು ಅವಳಿಂದ ಬೆಲ್ಲವನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ನಾಚಿಕೆಯಾಯಿತು.

ಕೊನೆಗೆ ಶಕುಂತಲೆ, ‘ರೊಟ್ಟಿ ಯಾರಾದ್ರೂ ಬಡೀತಾರಕ್ಕಾ, ಕಾಲ್ ಯಾರ್ ಕೊಡ್ತಾರ?’ ಎಂದಳು. ಕಮಳಾಬಾಯಿ ಅಂದೇ ಹೋದರು. ಒಂದು ಬೆರಳು ತೆಗೆಯಬೇಕಾಯಿತು. ಕಾಲು ಉಳಿಯಿತು. ಇನ್ನೆರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ಆ ಬೆರಳು ನನ್ನ ಲೆಕ್ಕಕ್ಕೇ ಸೇರಿದ್ದು, ಯಾರು ಏನೇ ಸಮಾಧಾನ ಹೇಳಲಿ. ವಾಸಿಯಾಗಿ ಮತ್ತೆ ಗುಂಪಿಗೆ ಸೇರಿದ ಆಕೆ ಮಾತ್ರ ಒಂದು ಸಲವೂ ನನ್ನನ್ನು ದೂರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮುಂದಿನ ವರ್ಷ ಮಳೆ ಬಂತು. ಭಾಲ್ಕಿಯವರೊಬ್ಬರು ತಗಡಿನ ಮೇಲೆ ಬೀಳುವ ಮಳೆಯ ಸದ್ದು ಹಿಡಿದು ಗುಂಪಿಗೆ ಕಳಿಸಿದರು. ಹೈದರಾಬಾದಿನ ಕಾವಲುಗಾರರು, ‘ಐದ್ ಸಲ ಕೇಳ್ದೆ ನೋಡ್ರಿ’ ಎಂದು ಬರೆದರು. ಒಬ್ಬೊಬ್ಬರೇ ಊರು ಸೇರಿದರು. ಗುಂಪಿನ ಗದ್ದಲ ತಗ್ಗಿತು. ಅದು ಒಳ್ಳೆಯದೇ, ಆದರೂ ಆ ಗದ್ದಲ ನೆನಪಾದಾಗಲೆಲ್ಲ ಮನಸ್ಸು ಅತ್ತ ಎಳೆಯುತ್ತದೆ.

ಕಮಳಾಬಾಯಿ ಹೊಸ ಹೆಸರುಕಾಳು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಚಹಾ ಕುಡಿಯುತ್ತ ಕೇಳಿದರು, ‘ಅಣ್ಣಾ, ಗುಂಪಿನಾಗ ಎಲ್ಲಾರ ಸಕ್ರಿ ಬರ್ತದ. ನಿಮ್ದು ಒಂದಿನಾನೂ ಬಂದಿಲ್ಲಲ್ರಿ?’ ನಾನು ಕೆಮ್ಮಿದೆ. ಒಳಗಿನಿಂದ ಶಕುಂತಲೆ, ‘ತಪಾಸ್ ಮಾಡ್ಸಿದ್ರ ಬರಬೇಕಲ್ಲಕ್ಕಾ! ಎರಡ್ ವರ್ಷ ಆಯ್ತು ಆ ಕಡಿ ಮುಖ ಹಾಕಿಲ್ಲ’ ಎಂದಳು. ನಿಜ. ಊರವರ ಕಾಯಿಲೆಯ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದವನಿಗೆ ತನ್ನ ಕಾಯಿಲೆಯ ಮನೆಯೊಳಗೆ ಕಾಲಿಡಲು ಧೈರ್ಯವಿರಲಿಲ್ಲ. ಹೆದರಿಕೆ, ಮತ್ತೇನೂ ಅಲ್ಲ.

ಕಮಳಾಬಾಯಿ ಸುಮ್ಮನೆ ಬಿಡುವವರಲ್ಲ. ಮಾರನೆಯ ದಿನ ತಪಾಸಣೆ ಮಾಡಿಸಿದೆ. ಬಂದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಡಾಕ್ಟರು ಕನ್ನಡಕ ತೆಗೆದು ಎರಡು ಸಲ ನೋಡಿದರು ಎಂದಷ್ಟೇ ಹೇಳುತ್ತೇನೆ. ಮನೆಗೆ ಬಂದು, ಮೊದಲ ಸಲ, ಗುಂಪಿಗೆ ನಾನೇ ಧ್ವನಿ ಸಂದೇಶ ಕಳಿಸಿದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣಗಿತ್ತು. ‘ನಾನು ಬೀದರಿನವ. ಹೊಸಬ ಅಂತನೇ ತಿಳಕೊಳ್ರಿ. ಅಂಜಿಕಿ ಆಗ್ಯಾದ’ ಎಂದೆ. ಆಮೇಲೆ ಕಾದೆ. ಗುಂಪಿನಲ್ಲಿ ಒಂದು ಗುಲಾಬಿಯೂ ಅರಳಲಿಲ್ಲ. ಹೊಸಬರಿಗೆ ಮೊದಲ ನಮಸ್ಕಾರ ಹೇಳುವುದು ಸ್ವಾಗತಕಾರನ ಕೆಲಸ, ಎಲ್ಲರೂ ಅವನಿಗಾಗಿ ಕಾಯುತ್ತಿದ್ದರೆಂದು ಕಾಣುತ್ತದೆ.

ಐದು ನಿಮಿಷದ ಮೇಲೆ ಫೋನು ಹೊಡೆದುಕೊಂಡಿತು. ‘ಅಣ್ಣಾ, ಪೂರಾ ಕೇಳ್ದೆ. ಅಂಜಬ್ಯಾಡ್ರಿ. ಈಗ ಎರಡೂ ಅಂಗಾಲು ನೋಡ್ಕೊಂಡು ಹೇಳ್ರಿ, ನಾ ಫೋನ್ ಹಿಡ್ಕೊಂಡೇ ಇರ್ತೇನಿ,’ ಎಂದರು ಕಮಳಾಬಾಯಿ. ಕುರ್ಚಿಯ ಮೇಲೆ ಕೂತು ಬಗ್ಗಿದೆ. ಹೊಟ್ಟೆ ಅಡ್ಡ ಬಂತು. ಕಾಲು ಮೇಲೆತ್ತಲು ನೋಡಿದೆ, ಮೊಣಕಾಲು ಒಪ್ಪಲಿಲ್ಲ. ಇಷ್ಟು ವರ್ಷ ನನ್ನನ್ನು ಹೊತ್ತು ತಿರುಗಿದ ಪಾದಗಳನ್ನು ನಾನು ನೋಡಿಯೇ ಎಷ್ಟು ಕಾಲವಾಗಿತ್ತೋ. ‘ಜರಾ ತಡೀರಿ ತಂಗಿ’ ಎಂದು ಫೋನಿಗೆ ಹೇಳಿ, ಶಕುಂತಲೆಯನ್ನು ಕೂಗಿ ಕರೆದೆ.