ರುಮಾಲಿನ ಪಾಳಿ

ಎಲ್ಲ ಶುರುವಾದದ್ದು ಭೀಮಸಿ ಮನೆಯಿಂದ ಹೊರಡುವಾಗ ಆಡಿದ ಒಂದು ಮಾತಿನಿಂದ.

"ಅಪ್ಪಾ, ಗೋಲಿನ ಹತ್ರ ಎಲ್ಲ್ಯರ ಒಂದ ಕಡೆ ನಿನ್ನ ಕೆಂಪ ರುಮಾಲ ಕಂಡ್ರ ಸಾಕ ನೋಡು. ಒಂದ ಚಂಡೂ ಒಳಗ ಬಿಡೂದಿಲ್ಲ."

ಇಷ್ಟು ಹೇಳಿ ಅವನು ಹಾಕಿ ಸ್ಟಿಕ್ಕು ಹೆಗಲಿಗೇರಿಸಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದ. ಕಬ್ಬೂರಿನಲ್ಲಿ ಉಳಿದ ಅವನ ಅಪ್ಪ ಮಾಳಸಿದ್ದನಿಗೆ ಅಂದಿನಿಂದ ಒಂದು ಗಳಿಗೆಯೂ ಸಮಾಧಾನವಿಲ್ಲ.

ಮೊದಲೂ ಅವನಿಗೆ ಸಮಾಧಾನವಿತ್ತು ಎಂದೇನಲ್ಲ. ನಲವತ್ತು ಕುರಿಗಳ ಹಿಂದೆ ಮೂವತ್ತು ವರ್ಷ ಅಡ್ಡಾಡಿದ ಕಾಲುಗಳಿಗೆ ನಿಲ್ಲುವುದೇ ಮರೆತುಹೋಗಿತ್ತು. ಉಣ್ಣುವಾಗಲೂ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದ. ಗುಡಿಯಲ್ಲಿ ಮಂಗಳಾರತಿ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟುತ್ತಿದ್ದ. ಮದುವೆಯಲ್ಲಿ ಅಕ್ಕಿಕಾಳು ಬೀಳುವ ತನಕ ಗಂಡ ಒಂದೇ ಕಡೆ ನಿಂತಿದ್ದನ್ನು ಹೆಂಡತಿ ಸತ್ತೆವ್ವ ಇಂದಿಗೂ ದೊಡ್ಡ ಸುದ್ದಿಯಂತೆ ಹೇಳುತ್ತಾಳೆ.

ಭೀಮಸಿ ಗೋಲ್ಕೀಪರ್. ಅವನಿಗೆ ಆ ವಿದ್ಯೆ ಕಲಿಸಿದ್ದು ಕಾಲೇಜಿನ ಮಾಸ್ತರರೆಂದು ಊರವರು ತಿಳಿದಿದ್ದರು. ಮಾಳಸಿದ್ದ ಅದನ್ನು ಒಪ್ಪುತ್ತಿರಲಿಲ್ಲ. ಸಂಜೆ ಕುರಿದಡ್ಡಿಯ ಬಾಯಿಗೆ ನಿಂತು, ಕಾಲ ಸಂದಿಯಲ್ಲಿ ನುಸುಳುವ ಮರಿಗಳನ್ನು ಹುಡುಗ ತಡೆಯುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಚಂಡು ತಡೆದದ್ದನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಮ್ಯಾಚಿದ್ದಾಗೆಲ್ಲ ಕುರಿಗಳು ಕೃಷ್ಣೆಯ ಆಚೆ ದಂಡೆಯಲ್ಲಿರುತ್ತಿದ್ದವು. ಇದು ಮಗನ ಕಾಲೇಜಿನ ಕೊನೆಯ ವರ್ಷ, ಎಂಬತ್ತೇಳನೆಯ ಇಸವಿಯ ಜನವರಿ. ಅಂತರಕಾಲೇಜು ಪಂದ್ಯಾವಳಿಯ ಫೈನಲ್ಲು ಚಿಕ್ಕೋಡಿಯಲ್ಲೇ. ಇದು ಮುಗಿದರೆ ಸ್ಟಿಕ್ಕು ಅಟ್ಟ ಸೇರುತ್ತದೆ. ಇವತ್ತು ನೋಡದಿದ್ದರೆ ಇನ್ನು ನೋಡುವುದೆಂದರೆ ಕನಸಿನಲ್ಲೇ.

ಫೈನಲ್ಲಿನ ದಿನ ಮೊದಲ ಬಸ್ಸಿಗೇ ಹೊರಟ ಮಾಳಸಿದ್ದನ ಜೊತೆ ನೆರೆಮನೆಯ ಗಂಗಾರಾಮನೂ ಬಂದ. ದೇವರು ಇವರಿಬ್ಬರನ್ನು ಒಂದೇ ಗೋಡೆಯ ಆಚೆ ಈಚೆ ಇಟ್ಟದ್ದು ತಮಾಷೆಗೇ ಇರಬೇಕು. ಗಂಗಾರಾಮ ಕುಳಿತಲ್ಲಿಂದ ಏಳುವವನಲ್ಲ. ಅವನ ಬೀಡಿ ಆರಿದರೆ ಬೆಂಕಿಪೆಟ್ಟಿಗೆ ಇರುವವರು ಹತ್ತಿರ ಬರುವ ತನಕ ಕಾಯುತ್ತಾನೆ.

ಆಟದ ಮೈದಾನದ ಸುತ್ತ ಕಬ್ಬಿನ ರವದಿಯ, ಅಂದರೆ ಒಣ ಗರಿಯ, ತಟ್ಟಿ ಎರಡಾಳೆತ್ತರ ಕಟ್ಟಿದ್ದರು. ಹೊರಗಿನವರ ಕಣ್ಣಿಗೆ ಚಂಡಿರಲಿ, ಗೋಲಿನ ಕಂಬವೂ ಕಾಣುವಂತಿರಲಿಲ್ಲ. ಕೆಳಗೆ ಚಾಪೆಯ ಮೇಲೆ ಕೂರಲು ಎರಡು ರೂಪಾಯಿ, ಕುರ್ಚಿಗೆ ಹದಿನೈದು. ಹೆಚ್ಚಿನ ಕುರ್ಚಿಗಳನ್ನು ಪಂದ್ಯಾವಳಿ ಕಮಿಟಿಯ ಅಧ್ಯಕ್ಷ ಬಾಪುಸಾಹೇಬರ ಬೀಗರು ಬಿಜ್ಜರೇ ಹಿಡಿದಿದ್ದರು. ಬಾಪುಸಾಹೇಬರು ಕಬ್ಬಿನ ತೋಟ, ತಂಬಾಕಿನ ವ್ಯಾಪಾರ ಎರಡೂ ಇದ್ದ ಜೈನ ಸಾಹುಕಾರರು. ಚಾಪೆಯ ಟಿಕೆಟ್ಟು ಇದ್ದದ್ದೇ ಮುನ್ನೂರು. ಪಾಳಿಯಲ್ಲಿ ಆಗಲೇ ನಾನೂರು ಜನ ನಿಂತಿದ್ದರು. ಟಿಕೆಟ್ ಕಿಂಡಿಯನ್ನು ಕಮಿಟಿಯ ಗುಮಾಸ್ತ ಧನಪಾಲ ಒಂಬತ್ತಕ್ಕೆ ತೆಗೆಯುವವನಿದ್ದ.

ಮಾಳಸಿದ್ದ ಹೇಗೋ ನೂರಾ ಹತ್ತನೆಯವನಾಗಿ ತೂರಿಕೊಂಡ, ಅವನ ಹಿಂದೆ ಗಂಗಾರಾಮ. ಐದು ನಿಮಿಷ ನಿಂತ. ಮುಂದೆ ಏನು ನಡೆದಿದೆ ಎಂದು ನೋಡಿ ಬಂದ. ಹಿಂದೆ ಎಷ್ಟು ಜನ ಕೂಡಿದ್ದಾರೆ ಎಂದು ನೋಡಿ ಬಂದ. ಅಷ್ಟರಲ್ಲಿ ಯಾರೋ, ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಟಿಕೆಟ್ಟು ಕೊಡುತ್ತಾರಂತೆ ಎಂದರು.

ನಮ್ಮ ಸೀಮೆಯ ಪಾಳಿಗೆ ಒಂದು ಕಟ್ಟಳೆಯಿದೆ. ಸೊಸೈಟಿಯ ಗೊಬ್ಬರವಿರಲಿ, ಚಿಮಣಿ ಎಣ್ಣೆಯಿರಲಿ, ನಿಂತವನು ಚಹಾ ಕುಡಿಯಲು ಹೋದರೆ ಅವನ ಚಪ್ಪಲಿಯೋ ಡಬ್ಬಿಯೋ ಟೊಪ್ಪಿಗೆಯೋ ಅವನ ಬದಲಿಗೆ ನಿಲ್ಲುತ್ತದೆ. ಅಣ್ಣತಮ್ಮಂದಿರ ಬದುವನ್ನು ರಾತ್ರೋರಾತ್ರಿ ಒತ್ತುವವರೂ ಪಾಳಿಯಲ್ಲಿಟ್ಟ ಚಪ್ಪಲಿಯನ್ನು ದಾಟುವುದಿಲ್ಲ. ಮಾಳಸಿದ್ದ ರುಮಾಲು ಬಿಚ್ಚಿ ಒಂದು ಕಲ್ಲಿನ ಮೇಲಿಟ್ಟು, ಅದನ್ನು ಮುಂದೆ ಮುಂದೆ ಸರಿಸುತ್ತಿರು ಎಂದು ಗಂಗಾರಾಮನಿಗೆ ಹೇಳಿ ಬರಿದಲೆಯಲ್ಲಿ ಓಡಿದ.

ಪುಸ್ತಕದಂಗಡಿಯವನು ಚಹಾದಂಗಡಿಗೆ ಕಳಿಸಿದ. ಚಹಾದಂಗಡಿಯವನು ಹಾಸ್ಟೆಲ್ಲಿಗೆ ಕಳಿಸಿದ. ಹಾಸ್ಟೆಲ್ಲಿನ ಅಡುಗೆಯವನು ಮೈದಾನದ ಹತ್ತಿರ ಒಂದು ಕಿಂಡಿಯಿದೆ, ಅಲ್ಲಿ ಖಂಡಿತ ಸಿಗುತ್ತದೆ ಎಂದ.

ಇತ್ತ ಗಂಗಾರಾಮನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ರುಮಾಲು ಮನುಷ್ಯನ ಬದಲಿಗೆ ನಿಲ್ಲುವುದಾದರೆ ತಾನ್ಯಾಕೆ ನಿಲ್ಲಬೇಕು? ಅದರ ಹಿಂದೆ ತನ್ನ ಚಪ್ಪಲಿ ಬಿಟ್ಟು ಬೇವಿನ ನೆರಳಿಗೆ ಹೋಗಿ ಒರಗಿದ. ಮುಂದಿನವರೆಲ್ಲ ಟಿಕೆಟ್ಟು ತೆಗೆದುಕೊಂಡು ಹೋದರು. ಹಿಂದಿನವರು ರುಮಾಲು ಮುಂದೆ ಹೋಗಲಿ ಎಂದು ಮರ್ಯಾದೆಯಿಂದ ಕಾಲು ಗಂಟೆ ಕಾದರು. ಕಿಂಡಿಯೊಳಗೆ ಧನಪಾಲನಿಗೆ ಕೈ ಬರಿದಾಗಿ ಬೇಸರವಾಯಿತು. ಪಾಳಿಯಲ್ಲಿ ಮನುಷ್ಯರಿದ್ದರೆ ಮುಂದೆ ಬರಬೇಕೆಂದು ಕೂಗಿದ. ಆಮೇಲೆ ಕಟ್ಟಳೆ ಯಾರಿಗೂ ನೆನಪಾಗಲಿಲ್ಲ.

ಮಾಳಸಿದ್ದ ಏದುಸಿರು ಬಿಡುತ್ತ ಮರಳಿದಾಗ ಕಿಂಡಿಯ ಮುಂದೆ ಒಂದು ಹುಳವೂ ಇರಲಿಲ್ಲ. ಕಲ್ಲಿನ ಮೇಲೆ ಅವನ ಕೆಂಪು ರುಮಾಲು, ಹಿಂದೆ ಗಂಗಾರಾಮನ ಚಪ್ಪಲಿ. ಪಾಳಿ ಎಂದರೆ ಈಗ ಅವೆರಡೇ, ರುಮಾಲಿನದೇ ಮೊದಲ ನಂಬರು.

"ನಂದ ಪಾಳಿ ಬಂದೈತ್ರಿ. ಎರಡ ರೂಪಾಯಿದ್ದ ಒಂದ ಕೊಡ್ರಿ," ಎಂದ ಮಾಳಸಿದ್ದ.

"ಪಾಳಿ ಬಂದೈತಿ, ಖರೆ," ಎಂದ ಧನಪಾಲ ಕಿಂಡಿ ಮುಚ್ಚುತ್ತ. "ಚಾಪಿ ಟಿಕೇಟ ಸಂಪ್ಯಾವು, ಒಂದೂ ಉಳದಿಲ್ಲ. ಕುರ್ಚಿ ಒಂದೆರಡ ಅದಾವು, ಹದಿನೈದ ರೂಪಾಯಿ."

ಮಾಳಸಿದ್ದನ ಕಿಸೆಯಲ್ಲಿ ಇದ್ದದ್ದು ಏಳು. ಅವನು ಗಂಗಾರಾಮನನ್ನು ಎಬ್ಬಿಸಿ ಬೈದ. ಬೈಗುಳವೆಲ್ಲ ಮುಗಿಯುವ ತನಕ ಕಣ್ಣು ಮುಚ್ಚಿಕೊಂಡೇ ಕೇಳಿದ ಗಂಗಾರಾಮ ಬಳಿಕ ಶಾಂತವಾಗಿ ಒಂದು ಉಪಾಯ ಹೇಳಿದ.

"ಹುಚ್ಚಪ್ಪಾ, ಕುರ್ಚ್ಯಾಗ ಕುಂಡ್ರಾವ್ರು ಯಾರು? ಬಾಪುಸಾಹೇಬ್ರ ಮಂದಿ. ಅವ್ರು ಹೊತ್ತ ಮುಳುಗಿದ ಮ್ಯಾಲ ಒಂದ ಹನಿ ನೀರ ಸುದ್ದಾ ಮುಟ್ಟೂದಿಲ್ಲ. ಅರ್ಧಾ ಆಟಕ್ಕ ಉಣ್ಣಾಕ ಏಳ್ತಾರ. ಕುರ್ಚಿ ಖಾಲಿ ಬೀಳ್ತಾವು. ಗೇಟಿನ್ಯಾಗ ಸುಮ್ಮ ಕುಂಡ್ರು, ಯಾರರ ಒಳಗ ಕರೀತಾರ."

"ಕರೀಲಿಲ್ಲಂದ್ರ?"

"ಕುಂತ್ರ ಕರೀತಾರ."

ಮಾತು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಕೂರುವುದರಲ್ಲಿ. ಇಬ್ಬರೂ ಗೇಟಿನ ಬದಿಗೆ ಕುಳಿತರು. ಕಾಲು ಗಂಟೆಯೊಳಗೆ ಮಾಳಸಿದ್ದ ಒಂಬತ್ತು ಸಲ ಎದ್ದ. ಆಟಕ್ಕೆ ಇನ್ನೂ ನಾಲ್ಕು ತಾಸು ಇತ್ತು. ಮಗ ಆ ತಟ್ಟಿಯ ಆಚೆ ಎಲ್ಲೋ ಕಾಲಿಗೆ ಪ್ಯಾಡು ಕಟ್ಟುತ್ತಿದ್ದಾನೆ, ತಾನಿಲ್ಲಿ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದೇನೆ ಎಂದುಕೊಂಡು ಪ್ರತಿ ಸಲ ತಟ್ಟಿಯ ತನಕ ಹೋಗಿ ಬರುತ್ತಿದ್ದ. ಹತ್ತನೆಯ ಸಲ ಎದ್ದಾಗ ರುಮಾಲನ್ನು ಗಂಗಾರಾಮನ ಮಡಿಲಿಗೆ ಹಾಕಿ, ಈ ಸಲವಾದರೂ ಜಾಗ ಬಿಡಬೇಡ ಎಂದು ಹೇಳಿ ಹೊರಟ.

ಮೈದಾನದ ಹಿಂಭಾಗದಲ್ಲಿ, ತಟ್ಟಿಗೆ ಒತ್ತಿ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಿಂತಿತ್ತು. ಹೇರು ತಟ್ಟಿಗಿಂತ ಎತ್ತರ. ಮಾಳಸಿದ್ದ ಹಗ್ಗ ಹಿಡಿದು ಹತ್ತಿದ. ಮೇಲಿನಿಂದ ಮೈದಾನ ಅಂಗೈಯಲ್ಲಿಟ್ಟಂತೆ ಕಂಡಿತು: ಸುಣ್ಣದ ಗೆರೆ, ಗೋಲಿನ ಬಲೆ, ಸಾಲುಸಾಲು ಕುರ್ಚಿ. ಎರಡು ರೂಪಾಯಿಯೂ ಬೇಡ, ಹದಿನೈದೂ ಬೇಡ ಎಂದು ಹಿಗ್ಗಿ, ಆಟ ಶುರುವಾಗುವ ತನಕ ಯಾರ ಕಣ್ಣಿಗೂ ಬೀಳಬಾರದೆಂದು ಕಬ್ಬಿನ ಮೇಲೆ ಅಂಗಾತ ಮಲಗಿದ. ಅಷ್ಟೊತ್ತಿಗೆ ಡ್ರೈವರನ ಊಟ ಮುಗಿಯಿತು. ಅವನು ಬಂದು, ಮರಾಠಿ ಹಾಡಿನ ಕ್ಯಾಸೆಟ್ಟು ಹಾಕಿ, ಟ್ರ್ಯಾಕ್ಟರನ್ನು ಸಕ್ಕರೆ ಕಾರ್ಖಾನೆಯ ಕಡೆ ಬಿಟ್ಟ.

ಮಾಳಸಿದ್ದ ಕೂಗಿದ. ಹಾಡು ಅವನಿಗಿಂತ ಜೋರಾಗಿತ್ತು. ಕಬ್ಬು ಕಿತ್ತು ಡ್ರೈವರನ ಕಡೆ ಎಸೆದ. ರಸ್ತೆಯ ಹುಡುಗರು ಅದನ್ನು ಹೆಕ್ಕಿಕೊಂಡು, ಇನ್ನೂ ಒಗಿ ಕಾಕಾ ಎಂದು ಹಿಂದೆ ಓಡಿದರು. ಹತ್ತು ಮೈಲು ದಾಟಿದ ಮೇಲೆ ರೈಲು ಗೇಟೋ ದನವೋ ಅಡ್ಡ ಬರಲಿ ಎಂದು ಹರಕೆ ಹೊತ್ತ. ದನ ಬಂತು. ಮಾಳಸಿದ್ದ ಜಾರಿ ಇಳಿದು, ತಲೆ ತುಂಬ ರವದಿ ತುಂಬಿಕೊಂಡು, ಬಂದ ದಾರಿಯಲ್ಲೇ ಓಡತೊಡಗಿದ.

ಊರ ಹೊರಗೆ ಬಾಪುಸಾಹೇಬರ ವಾಡೆ. ಅದರ ಮುಂದೆ ಬಂದಾಗ ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ಆಟ ಶುರುವಾಗಿತ್ತು. ಮಾಳಸಿದ್ದ ಕಟ್ಟೆಗೆ ಆತುಕೊಂಡ. ಅಂಗಳದಲ್ಲಿ ಬಾಪುಸಾಹೇಬರ ಹೆಂಡತಿ ಲಕ್ಷ್ಮಿಬಾಯಿ, ಬುಟ್ಟಿ ಪಾತ್ರೆಗಳ ನಡುವೆ ಆಳುಗಳ ದಾರಿ ಕಾಯುತ್ತ ನಿಂತಿದ್ದರು. ಆಳುಗಳೆಲ್ಲ ಆಟ ನೋಡಲು ಹೋಗಿ ತಟ್ಟಿಯ ತೂತು ಹುಡುಕುತ್ತಿದ್ದರು.

ಸಾಂಗಲಿ, ಕೊಲ್ಲಾಪುರದ ಕಡೆಯಿಂದ ನಲವತ್ತು ಬೀಗರು ಬಂದಿದ್ದಾರೆ, ಮೈದಾನದಲ್ಲೇ ಪಂಕ್ತಿ ಹಾಕಬೇಕು, ಹೊತ್ತು ಇಳಿಯುವ ಮೊದಲು ಎಲ್ಲರ ಊಟ ಮುಗಿಯಬೇಕು ಎಂದು ಅವರು ಅಳುಮುಖ ಮಾಡಿದರು. ಬಡಿಸಲು ಮನೆಯ ಸೊಸೆಯರಿದ್ದಾರೆ, ಹೊರಲು ಯಾರೂ ಇಲ್ಲ.

"ನನ್ನ ಕಡೆ ಟಿಕೇಟ ಇಲ್ರಿ, ಅಕ್ಕಾರ," ಎಂದ ಮಾಳಸಿದ್ದ.

"ಊಟದ ಬುಟ್ಟಿ ಹೊತ್ತಾವನ್ನ ಯಾರಪಾ ಟಿಕೇಟ ಕೇಳ್ತಾರ?"

ಮಾಳಸಿದ್ದನಿಗೆ ಆ ತಾಯಿಯ ಕಾಲಿಗೆ ಬೀಳಬೇಕೆನಿಸಿತು. ದೊಡ್ಡ ಬುಟ್ಟಿಯನ್ನೇ ತಲೆಗೇರಿಸಿಕೊಂಡು ಓಡಿದ. ಹಿಂದಿನ ಬಾಗಿಲಿನ ಕಾವಲುಗಾರ ಬಗ್ಗಿ ದಾರಿ ಬಿಟ್ಟ. ಬೆಳಗಿನಿಂದ ಊರೆಲ್ಲ ಸುತ್ತಿದರೂ ತೆರೆಯದ ಮೈದಾನ ಒಂದು ಬುಟ್ಟಿ ಭಕ್ಕರಿಗೆ ತೆರೆಯಿತು.

ಒಳಗೆ ಹೋದ ಮೇಲೆ ಗೊತ್ತಾಯಿತು, ಊಟದ ಜಾಗಕ್ಕೆ ಸುತ್ತಲೂ ದಪ್ಪ ಬಟ್ಟೆಯ ಕನಾತು ಕಟ್ಟಿದ್ದರು. ದೂಳು ಬೀಳಬಾರದು, ಕಂಡವರ ಕಣ್ಣೂ ಬೀಳಬಾರದು. ಮಾಳಸಿದ್ದ ಉಳಿದ ಬುಟ್ಟಿ ಪಾತ್ರೆಗಳನ್ನೂ ಹೊತ್ತು ತಂದು ಕನಾತಿನ ಸಂದಿಗೆ ಮುಖ ಇಡುವಷ್ಟರಲ್ಲಿ ಅರ್ಧ ಆಟದ ಸೀಟಿ ಊದಿತು. ಬಾಪುಸಾಹೇಬರು ನಲವತ್ತೂ ಬೀಗರನ್ನು ಕರೆದುಕೊಂಡು ಒಳಬಂದರು.

ಪತ್ರೋಳಿ ಎಲೆ ಹಾಕು, ಕಾಯಿಸಿ ಸೋಸಿದ ನೀರು ತಾ, ಇನ್ನೊಂದು ಬುಟ್ಟಿ ಎತ್ತು. ಜೀವಮಾನದಲ್ಲಿ ಮೊದಲ ಸಲ ಮಾಳಸಿದ್ದನಿಗೆ ಒಂದೇ ಕಡೆ ಸುಮ್ಮನೆ ನಿಲ್ಲುವ ಆಸೆಯಾಗಿತ್ತು. ಅವತ್ತೇ ಯಾರೂ ಅವನನ್ನು ನಿಲ್ಲಲು ಬಿಡಲಿಲ್ಲ. ಕನಾತಿನ ಆಚೆ ಜನ ಒಮ್ಮೆ ಹೋ ಎಂದರು, ಒಮ್ಮೆ ಅಯ್ಯೋ ಎಂದರು. ಪ್ರತಿ ಸಲವೂ ಅವನ ಕೈಯ ತಂಬಿಗೆ ತುಳುಕಿತು. ಬೀಗರೊಬ್ಬರು ಹೊತ್ತು ನೋಡಿ ನೋಡಿ ತುತ್ತು ನುಂಗುತ್ತಿದ್ದರು. ಕೊನೆಗೆ ಹೊರಗೆ ಏಕಾಏಕಿ ಎಲ್ಲ ಸದ್ದು ನಿಂತಿತು. ಯಾರೋ ಪೆನಾಲ್ಟಿ ಸ್ಟ್ರೋಕ್ ಎಂದರು. ಗೋಲ್ಕೀಪರ್ ಒಬ್ಬನೇ, ಚಂಡು ಒಂದೇ. ಮಾಳಸಿದ್ದ ತಂಬಿಗೆ ಸಮೇತ ಸಂದಿಯ ಕಡೆ ಹಾರಿದ.

"ಏ ತಮ್ಮಾ, ಕೈಗಿ ನೀರ," ಎಂದರು ಬಾಪುಸಾಹೇಬರು. ಅವರ ಹಿಂದೆ ನಲವತ್ತು ಎಂಜಲು ಕೈಗಳು ಚಾಚಿಕೊಂಡಿದ್ದವು.

ಅವನು ನೀರು ಹಾಕಿದ. ಕನಾತು ಹರಿಯುವ ಹಾಗೆ ಜನ ಕೂಗಿದರು. ಭೀಮಸಿ ತಡೆದಿದ್ದ. ಕೊನೆಯ ಬೀಗರ ಕೈ ತೊಳೆಯುವಾಗ ಉದ್ದನೆಯ ಸೀಟಿ ಊದಿ ಆಟ ಮುಗಿಯಿತು; ಭೀಮಸಿಯ ಕಾಲೇಜು ಗೆದ್ದಿತ್ತು. ತಂಬಿಗೆಯನ್ನು ಅಲ್ಲೇ ಕುಕ್ಕಿ ಮಾಳಸಿದ್ದ ಹೊರಗೋಡಿದ. ಮಗ ಗೆದ್ದನೆಂಬ ಹಿಗ್ಗು, ತಾನು ನೋಡಲಿಲ್ಲವೆಂಬ ಸಂಕಟ ಒಂದರ ಮೇಲೊಂದು ಬಂದು ಅವನ ಕಣ್ಣು ತುಂಬಿದವು.

ಗೋಲಿನ ಬದಿಯ ಮುಂದಿನ ಸಾಲಿನಲ್ಲಿ, ಮೆತ್ತೆ ಹಾಕಿದ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಗಂಗಾರಾಮ ಕುಳಿತಿದ್ದ. ಅವನ ತಲೆಯ ಮೇಲೆ ಕೆಂಪು ರುಮಾಲು.

"ನಾ ಹೇಳಿರ್ಲಿಲ್ಲೇನು?" ಎಂದ ಅವನು, ಏಳದೆ. ಬೀಗರು ಎದ್ದು ಹೋದ ಮೇಲೆ ಮುಂದಿನ ಸಾಲು ಖಾಲಿ ಬಿತ್ತಂತೆ. ಬೆಳಗಾವಿಯಿಂದ ಬಂದ ಅತಿಥಿಗಳ ಎದುರು ಮರ್ಯಾದೆ ಹೋದೀತೆಂದು ಧನಪಾಲ ಗೇಟಿಗೆ ಓಡಿಬಂದು, ಸುಮ್ಮನೆ ಕುಳಿತವರನ್ನೆಲ್ಲ ಕೈಹಿಡಿದು ಕರೆತಂದನಂತೆ. ದೊಡ್ಡವರ ಸಾಲಿನಲ್ಲಿ ಬರಿದಲೆಯಲ್ಲಿ ಕೂರುವುದು ಸರಿಯಲ್ಲ ಎಂದು ಗಂಗಾರಾಮ ರುಮಾಲು ಸುತ್ತಿಕೊಂಡನಂತೆ.

ಮಾಳಸಿದ್ದ ರುಮಾಲನ್ನು ಕಿತ್ತುಕೊಂಡು ತನ್ನ ತಲೆಗೆ ಸುತ್ತಿಕೊಳ್ಳುವಷ್ಟರಲ್ಲಿ ಗೆಳೆಯರ ಹೆಗಲಿನಿಂದ ಇಳಿದ ಭೀಮಸಿ ಪ್ಯಾಡು ಎಳೆಯುತ್ತ ಓಡಿಬಂದು ಕಾಲು ಮುಟ್ಟಿದ. ಮುಖ ತುಂಬ ಕೆಂಪು ದೂಳು, ಕಣ್ಣಲ್ಲಿ ನೀರು.

"ಮೊದಲನೇ ಹಾಫಿನ್ಯಾಗ ನೀ ಕಾಣಲಿಲ್ಲ, ಕಾಲಾಗ ಜೀವ ಇರಲಿಲ್ಲಪಾ. ಆಮ್ಯಾಲ ಮುಖಕ್ಕ ಬಿಸಲಿತ್ತು, ಮುಂದಿನ ಕುರ್ಚ್ಯಾಗ ಬರೇ ಕೆಂಪ ರುಮಾಲ ಕಾಣ್ತಿತ್ತು. ಅದನ್ನ ನೋಡೇ ಸ್ಟ್ರೋಕ್ ಹಿಡದ್ನಿ."

ಮಾಳಸಿದ್ದ ಗಂಗಾರಾಮನ ಕಡೆ ನೋಡಿದ. ಗಂಗಾರಾಮ ಆಕಾಶದ ಕಡೆ ನೋಡಿದ.

"ಹೂಂ," ಎಂದ ಮಾಳಸಿದ್ದ.

"ನೀ ನಡುವ ಎದ್ದ ಹೋಗ್ತಿ ಅಂತ ಅಂಜಿದ್ದೆ," ಎಂದ ಮಗ, ಅಪ್ಪನ ತೋಳು ಗಟ್ಟಿಯಾಗಿ ಹಿಡಿದು. "ಒಂದ ಸಲಾನೂ ಅಳ್ಳಾಡ್ಲಿಲ್ಲ. ನನ್ನ ಸಂಬಂಧ ಅಷ್ಟೊತ್ತ ಒಂದ ಕಡೆ ಕುಂತೆಲ್ಲಪಾ. ಅವ್ವಗ ಹೇಳಿದ್ರ ನಂಬೂದಿಲ್ಲ."

ಮಾಳಸಿದ್ದ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ. ಅದು ಗಂಗಾರಾಮನ ಬೀಡಿಯ ವಾಸನೆ ಹೊಡೆಯುತ್ತಿತ್ತು.