ಕಾವಲಿಯ ಮೇಲಿನ ಗುಡ್ಡ

ಕೀಬೋರ್ಡ್ ಮುಟ್ಟಿದ್ದಕ್ಕೆ ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದ ಏಕೈಕ ಕಂಪ್ಯೂಟರ್ ಟೀಚರ್ ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ. ಇದು ಉತ್ಪ್ರೇಕ್ಷೆ ಅನ್ನುವವರು ಅವರ ಎದುರು ಕೂತು ಕಲಿತವರಲ್ಲ. ನಾನು ಕಲಿತಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಹೊಸ ಶತಮಾನ ಆಗಿನ್ನೂ ಕಣ್ಣು ಬಿಡುತ್ತಿತ್ತು. ಜಯನಗರದಲ್ಲಿ ಪ್ರತಿ ಎರಡು ಬೇಕರಿಗಳ ಮಧ್ಯೆ ಒಂದು ಕಂಪ್ಯೂಟರ್ ಕ್ಲಾಸು. ಅಂಥದ್ದೊಂದರಲ್ಲಿ ಅತ್ತೆ ಪಾಠ ಹೇಳುತ್ತಿದ್ದರು. ಬೇರೆ ಮೇಷ್ಟ್ರುಗಳು ಸೆಮಿಕೋಲನ್ ಎಲ್ಲಿ ಹಾಕಬೇಕು ಅಂತ ಬಾಯಿಪಾಠ ಮಾಡಿಸುತ್ತಿದ್ದರೆ, ಇವರು ಪರದೆಯ ಮೇಲೆ ಡಬ್ಬಿಗಳ ಚಿತ್ರ ಇಟ್ಟು ಮೌಸಿನಲ್ಲಿ ದಾರದಂಥ ಗೆರೆ ಎಳೆದು ಜೋಡಿಸುತ್ತಿದ್ದರು. ಒಂದು ಡಬ್ಬಿ ಒಲೆ, ಇನ್ನೊಂದು ಕಾವಲಿ, ಮೂರನೆಯದು ನಿಯಮ: ಬಿಸಿಯಾದ ಜಾಗ ಪಕ್ಕದ ತಣ್ಣನೆ ಜಾಗಕ್ಕೆ ತನ್ನ ಬಿಸಿಯಲ್ಲಿ ಪಾಲು ಕೊಡಬೇಕು. ಕಂಪ್ಯೂಟರ್ ಆ ಹಂಚಿಕೆಯನ್ನು ಸಾವಿರಾರು ಸಲ ಲೆಕ್ಕ ಹಾಕಿ, ಕಾವಲಿಯ ಕಾವನ್ನು ಗುಡ್ಡದ ಹಾಗೆ ಬಿಡಿಸಿ ತೋರಿಸುತ್ತಿತ್ತು. ಬಿಸಿ ಹೆಚ್ಚಿದ್ದಲ್ಲಿ ಎತ್ತರ, ಕಡಿಮೆ ಇದ್ದಲ್ಲಿ ತಗ್ಗು. ದೋಸೆ ಹುಯ್ಯೋಕೆ ಮೊದಲೇ ಅದು ಎಲ್ಲಿ ಕೆಂಪಾಗುತ್ತೆ ಅಂತ ಹೇಳೋಕೆ ಬರಬೇಕು, ಅದೇ ವಿಜ್ಞಾನ ಅನ್ನೋದು ಅವರ ವಾದ.

ಕ್ಲಾಸಿನ ಮಾಲೀಕರಿಗೆ ದೋಸೆ ಇಷ್ಟ, ವಾದ ಇಷ್ಟವಿಲ್ಲ. ಸಿಲಬಸ್ ಮುಗಿಸಿ, ಇಲ್ಲಾಂದ್ರೆ ಕೆಲಸ ಬಿಡಿ ಅಂದರು. ಅತ್ತೆ ಅವತ್ತೇ ಬಿಟ್ಟರು. ಬಿಟ್ಟವರು ಸುಮ್ಮನೆ ಮನೆಗೆ ಬರಬೇಕೋ ಬೇಡವೋ? ಆರು ಹುಡುಗಿಯರನ್ನು ಬೆನ್ನಿಗೆ ಕಟ್ಟಿಕೊಂಡು ಕತ್ರಿಗುಪ್ಪೆಯ ತಮ್ಮ ಹಾಲ್‌ನಲ್ಲೇ ಕ್ಲಾಸು ತೆರೆದರು! ಬಿ.ಕಾಂ. ಓದಿಕೊಂಡು ನೆಮ್ಮದಿಯಾಗಿದ್ದ ನನ್ನನ್ನೂ ಏಳನೆಯವಳಾಗಿ ಎಳೆದು ಕೂರಿಸಿದರು.

ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿ, ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಜಿಲೇಟಿನ್ ಕಾಗದ ಅಂಟಿಸಿ ಕನ್ನಡಕ ಮಾಡಿದರು. ಪರದೆಯ ಗುಡ್ಡವನ್ನೂ ಕೆಂಪಿನಲ್ಲೊಂದು, ನೀಲಿಯಲ್ಲೊಂದು ಚಿತ್ರವಾಗಿ ತುಸು ಸರಿಸಿ ಬಿಡಿಸಿದರು. ನಮ್ಮ ಮನೆಯ ವರ್ಚುವಲ್ ರಿಯಾಲಿಟಿ ಇದೇ ಅಂತ ಘೋಷಿಸಿದರು. ಹಾಕಿಕೊಂಡರೆ ಆ ಗುಡ್ಡ ಪರದೆ ಬಿಟ್ಟು ಎದ್ದು ಬರುತ್ತಿತ್ತು. ಮೌಸ್ ಆಡಿಸಿದರೆ ನಾವೇ ಅದರ ಸುತ್ತ ನಡೆದ ಹಾಗಾಗುತ್ತಿತ್ತು. ಸಕ್ಕರೆ ಕೇಳೋಕೆ ಬಂದ ಪಕ್ಕದ ಮನೆ ಆಂಟಿ, ಏಳು ಜನ ಬಣ್ಣದ ಕನ್ನಡಕ ಹಾಕಿಕೊಂಡು ಗಾಳಿ ಸವರುವುದನ್ನು ನೋಡಿ ಸಕ್ಕರೆ ಮರೆತು ಹೋದರು. ಮರುದಿನ ಅಮ್ಮನ ಹತ್ತಿರ, ನಿಮ್ಮ ನಾದಿನಿ ಯಾವ ಗುರುಗಳ ಕಡೆಯವರು ಅಂತ ಗುಟ್ಟಾಗಿ ವಿಚಾರಿಸಿದರಂತೆ.

ಒಂದು ಭಾನುವಾರ, ಒಬ್ಬ ಹುಡುಗಿಯ ಅಪ್ಪ, ಜೆ.ಪಿ. ನಗರದ ನಿವೃತ್ತ ಇಂಜಿನಿಯರು, ಮಗಳನ್ನು ಕ್ಲಾಸ್ ಬಿಡಿಸೋಕೆ ಅಂತಲೇ ಬಂದರು. ಇದರಲ್ಲಿ ಪ್ರೋಗ್ರಾಮ್ ಎಲ್ಲಿದೆ, ಬರೀ ಆಟ ಅಂದರು. ಇವರು ಬಿಡಿಸಿದರೆ ಉಳಿದವರ ಮನೆಯಲ್ಲೂ ಬಿಡಿಸುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು. ಅತ್ತೆ ಎದ್ದು ಹೋಗಿ ಬೇಕಂತಲೇ ಕಾವಲಿಯನ್ನು ಒಲೆಯ ಮೇಲೆ ಒಂದು ಪಕ್ಕಕ್ಕೆ ಸರಿಸಿಟ್ಟರು. ಅಡಿಪಟ್ಟಿಯಲ್ಲಿ ಅಳೆದು, ಪರದೆಯ ಒಲೆಯನ್ನೂ ಅಷ್ಟೇ ಸರಿಸಿ ಲೆಕ್ಕ ಓಡಿಸಿದರು. ಗುಡ್ಡ ಎದ್ದ ಜಾಗಕ್ಕೆ ಬೆರಳಿಟ್ಟರು.

"ದೋಸೆ ಇಲ್ಲೇ ಕೆಂಪಾಗಬೇಕು ಸಾರ್. ಆಗ್ಲಿಲ್ಲ ಅಂದ್ರೆ ಮಗಳನ್ನ ಕರ್ಕೊಂಡ್ ಹೋಗಿ. ಆಯ್ತು ಅಂದ್ರೆ, ಇನ್ಮೇಲೆ ಅವಳನ್ನ ತಡೀಬೇಡಿ."

ಹುಯ್ದ ದೋಸೆ ಬೆಂದು ಎದ್ದಿತು. ಲೆಕ್ಕ ಹೇಳಿದ ಕಡೆಯೇ ಕೆಂಪಾಗಿತ್ತು. ಇಂಜಿನಿಯರು ಎರಡು ಸಲ ತಿರುವಿ ನೋಡಿದರು, ಚಟ್ನಿ ಕೇಳಿದರು. ಸಾಕ್ಷ್ಯ ನಾಶವಾಯಿತು, ಮಗಳು ಉಳಿದಳು.

ಎಲ್ಲರೂ ಹೋದ ಮೇಲೆ, ಇವತ್ತು ನಾನು ಮೌಸ್ ಆಡಿಸ್ತೀನಿ, ನೀವು ನೋಡಿ ಅಂತ ಅತ್ತೆಗೆ ಕನ್ನಡಕ ಕೊಟ್ಟೆ. ಹಾಕಿಕೊಂಡು ಪರದೆ ನೋಡಿದರು. ಆಮೇಲೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಎಡಗಣ್ಣಿನ ದೃಷ್ಟಿ ಚಿಕ್ಕಂದಿನಲ್ಲೇ ಹೋಗಿತ್ತು ಅಂತ ನನಗೆ ಗೊತ್ತಾಗಿದ್ದು ಆಗ ಅವರೇ ಹೇಳಿದ ಮೇಲೆ. ಎರಡು ಕಣ್ಣೂ ಸೇರಿ ನೋಡಿದರೆ ಮಾತ್ರ ಆ ಗುಡ್ಡ ಏಳುವುದು. ನಮ್ಮ ಕಣ್ಣುಗಳಿಗೆ ಯಾವ ಚಿತ್ರವನ್ನು ಎಷ್ಟು ಸರಿಸಬೇಕು ಅನ್ನುವುದನ್ನು ಅವರು ಬರೀ ಲೆಕ್ಕದಿಂದ ಕಂಡುಕೊಂಡಿದ್ದರು.

"ನನಗೆ ಅದು ಚಪ್ಪಟೆ ಕಣೇ," ಅಂದರು. "ಎಷ್ಟು ಎತ್ತರ ಬರುತ್ತೆ, ನೀನೇ ಹೇಳು."

ನಾನು ಕನ್ನಡಕ ಹಾಕಿಕೊಂಡೆ. ಅವರ ಕೈ ಹಿಡಿದು ಪರದೆಯ ಮುಂದೆ ಮೆಲ್ಲಗೆ ಎತ್ತುತ್ತಾ ಹೋಗಿ, ಗುಡ್ಡದ ತುದಿ ಬಂದಲ್ಲಿ ಬಿಟ್ಟೆ. ಅತ್ತೆ ತುಂಬ ಹೊತ್ತು ಕೈ ಇಳಿಸಲಿಲ್ಲ.